ಉಸಿರಾಟದ ಯಂತ್ರವೂ ಜೀವಾಂತ್ಯದ ಧರ್ಮಪ್ರಶ್ನೆಯೂ

ಅನಿಲಗಳ ಒತ್ತಡಕ್ಕೂ ಗಾತ್ರಕ್ಕೂ ಇರುವ ಸಂಬಂಧವನ್ನು, ಎಂದರೆ ಬಾಯ್ಲನ ನಿಯಮವನ್ನು, ಬೋಧಿಸುವಾಗ ನಾವು ಸೈಕಲ್ಲಿನ ಪಂಪನ್ನೂ ಮನುಷ್ಯನ ಎದೆಗೂಡನ್ನೂ ಉದಾಹರಣೆಯಾಗಿ ಕೊಡುವುದುಂಟು. ಕೆಲವು ತಿಂಗಳ ಹಿಂದೆ ಈ ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ಕೊಠಡಿಯಲ್ಲಿಯೇ ಉಳಿದು ಒಂದು ಪ್ರಶ್ನೆಯನ್ನು ಕೇಳಿದನು. ಅವನ ಅಜ್ಜಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಹದಿನೇಳು ದಿನ ಉಸಿರಾಟದ ಯಂತ್ರದ ಆಶ್ರಯದಲ್ಲಿದ್ದರು. ಇನ್ನು ಗುಣವಾಗುವ ಸಂಭವವಿಲ್ಲವೆಂದು ವೈದ್ಯರು ತಿಳಿಸಿದರು, ವಿಧಿಸಿದ ಪರಿಶೀಲನೆಗಳೆಲ್ಲ ಮುಗಿದವು, ಮನೆಯವರು ಸಮ್ಮತಿಸಿದರು, ಯಂತ್ರವನ್ನು ನಿಲ್ಲಿಸಲಾಯಿತು. "ಸಾರ್, ಕಾಗದಕ್ಕೆ ರುಜು ಹಾಕಿದವರು ನಮ್ಮ ತಂದೆ. ಅಂದಿನಿಂದ ಅವರಿಗೆ ಸರಿಯಾಗಿ ನಿದ್ದೆಯಿಲ್ಲ. ಅಜ್ಜಿಯ ಪ್ರಾಣ ತೆಗೆದದ್ದು ರೋಗವೇ, ನಾವೇ?" ಎಂದು ಅವನು ಕೇಳಿದನು.

ಅಂದು ನಮ್ಮಿಂದ ತಕ್ಕ ಉತ್ತರ ಬರಲಿಲ್ಲ. ಭೌತವಿಜ್ಞಾನದ ಅಧ್ಯಾಪಕರಿಗೆ ಈ ಪ್ರಶ್ನೆಯಲ್ಲಿ ಏನು ಅಧಿಕಾರವೆಂದು ವಾಚಕರೂ ಕೇಳಬಹುದು. ಆದರೆ ಯೋಚಿಸಿ ನೋಡಿದರೆ, ಈ ಧರ್ಮಸಂಕಟವು ಇಂದಿನ ರೂಪದಲ್ಲಿ ಹುಟ್ಟಿದ್ದೇ ಒಂದು ಯಂತ್ರದಿಂದ. ಆದುದರಿಂದ ಮೊದಲು ಯಂತ್ರವನ್ನು ತಿಳಿದು, ಅನಂತರ ಧರ್ಮದ ವಿಚಾರಕ್ಕೆ ಬರುವುದು ಉಚಿತವಾದ ಕ್ರಮ.

ಉಸಿರು ನಡೆಯುವ ಬಗೆ

ನಾವು ಗಾಳಿಯನ್ನು ಎಳೆದುಕೊಳ್ಳುತ್ತೇವೆಂದು ಆಡುಮಾತಿನಲ್ಲಿ ಹೇಳಿದರೂ, ವಾಸ್ತವವಾಗಿ ಹೊರಗಿನ ಗಾಳಿಯೇ ಒಳಕ್ಕೆ ಹರಿದುಬರುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಬಾಗಿರುವ ವಪೆಯೆಂಬ ಸ್ನಾಯು ಸಂಕೋಚಗೊಂಡು ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಎದೆಗೂಡಿನ ಗಾತ್ರ ಹೆಚ್ಚುತ್ತದೆ. ಗಾತ್ರ ಹೆಚ್ಚಿದರೆ ಒಳಗಿನ ಒತ್ತಡ ತಗ್ಗಬೇಕಷ್ಟೆ. ಶಾಂತವಾಗಿ ಕುಳಿತವನಲ್ಲಿ ಈ ತಗ್ಗುವಿಕೆ ನೀರಿನ ಸ್ತಂಭದ ಲೆಕ್ಕದಲ್ಲಿ ಸುಮಾರು 1 ಸೆಂಟಿಮೀಟರು ಮಾತ್ರ. ವಾಯುಮಂಡಲದ ಒತ್ತಡ ಸುಮಾರು 1033 ಸೆಂಟಿಮೀಟರು ನೀರಿಗೆ ಸಮ. ಎಂದರೆ ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಸಾಕು, ಅರ್ಧ ಲೀಟರು ಗಾಳಿ ಒಳಗೆ ಬರುತ್ತದೆ. ನಿಮಿಷಕ್ಕೆ 14 ಸಲದಂತೆ ಲೆಕ್ಕ ಹಾಕಿದರೆ ದಿನಕ್ಕೆ ಇಪ್ಪತ್ತು ಸಾವಿರ ಸಲಕ್ಕೂ ಮಿಕ್ಕಿ ಈ ಕಾರ್ಯ ನಮ್ಮ ಗಮನಕ್ಕೆ ಬಾರದೆಯೇ ನಡೆಯುತ್ತಿರುತ್ತದೆ.

ಇದನ್ನು ನಡೆಸುವವರಾರು? ಮಿದುಳಿನ ತಳಭಾಗದಲ್ಲಿರುವ ಮಿದುಳುಕಾಂಡ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿದೊಡನೆ ಅದು ಎಚ್ಚೆತ್ತು ಉಸಿರಿಗೆ ಆಜ್ಞೆ ಕೊಡುತ್ತದೆ. ಹೀಗೆ ಈ ವ್ಯವಸ್ಥೆಯಲ್ಲಿ ಮೂರು ಭಾಗಗಳುಂಟು: ಆಜ್ಞೆಯನ್ನು ಕೊಡುವ ಮಿದುಳುಕಾಂಡ, ಆಜ್ಞೆಯನ್ನು ನೆರವೇರಿಸುವ ನರಗಳೂ ಸ್ನಾಯುಗಳೂ, ಅನಿಲಗಳ ವಿನಿಮಯ ನಡೆಯುವ ಶ್ವಾಸಕೋಶಗಳು. ಯಂತ್ರವು ಇವುಗಳಲ್ಲಿ ಕಮ್ಮಾರನ ತಿದಿಯಂತಹ ಒಂದು ಕೆಲಸವನ್ನು ಮಾತ್ರ ವಹಿಸಿಕೊಳ್ಳಬಲ್ಲದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಕೋಪನ್‌ಹೇಗನ್ನಿನ ಪಾಠ

1928ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ಎಂಬವರು ರಚಿಸಿದ ‘ಕಬ್ಬಿಣದ ಶ್ವಾಸಕೋಶ’ವು ಮೊದಲ ಬಾರಿಗೆ ರೋಗಿಯೊಬ್ಬಳಿಗೆ ಉಪಯೋಗವಾಯಿತು. ರೋಗಿಯ ತಲೆಯೊಂದನ್ನು ಬಿಟ್ಟು ಉಳಿದ ದೇಹವನ್ನೆಲ್ಲ ಲೋಹದ ಪೀಪಾಯಿಯಲ್ಲಿರಿಸಿ, ಪೀಪಾಯಿಯೊಳಗಿನ ಒತ್ತಡವನ್ನು ತಗ್ಗಿಸಿದರೆ ಎದೆ ಅರಳಿ ಗಾಳಿ ಒಳಹೋಗುತ್ತದೆ. ತತ್ತ್ವ ಸರಳವಾದರೂ ಉಪಕರಣ ಬಲು ದೊಡ್ಡದು, ದುಬಾರಿಯಾದುದು.

1952ರ ಬೇಸಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಪಿಡುಗು ಮುತ್ತಿತು. ಅಲ್ಲಿಯ ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯುಗಳು ಸೋತ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಕಬ್ಬಿಣದ ಶ್ವಾಸಕೋಶ ಅಲ್ಲಿದ್ದುದು ಒಂದೇ ಒಂದು. ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಎಂಬವರು ಬೇರೊಂದು ಉಪಾಯವನ್ನು ಸೂಚಿಸಿದರು. ಗಂಟಲಿನ ಕೆಳಗೆ ಶ್ವಾಸನಾಳದಲ್ಲಿ ರಂಧ್ರ ಮಾಡಿ, ಕೊಳವೆಯಿರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಚುಕಿ ಗಾಳಿಯನ್ನು ಒಳಕ್ಕೆ ತಳ್ಳುವುದೇ ಆ ಉಪಾಯ. ಆಗಸ್ಟ್ ತಿಂಗಳಲ್ಲಿ ಹನ್ನೆರಡು ವರ್ಷದ ಬಾಲಿಕೆಯೊಬ್ಬಳಲ್ಲಿ ಇದು ಫಲಿಸಿತು. ಅನಂತರ ಸುಮಾರು 1500 ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ, ಹಗಲಿರುಳೆನ್ನದೆ, ರೋಗಿಗಳ ತಲೆಯ ಬಳಿ ಕುಳಿತು ಚೀಲವನ್ನು ಹಿಚುಕಿದರು. ಸಾಯುವವರ ಪ್ರಮಾಣ ಕ್ರಮೇಣ ನಾಲ್ಕರಲ್ಲಿ ಒಂದರ ಹತ್ತಿರಕ್ಕೆ ಇಳಿಯಿತು. ನಮ್ಮ ವಾಚಕರ ವಯಸ್ಸಿನವರೇ ಆದ ಆ ತರುಣರ ಕೈಗಳ ಸ್ಥಾನವನ್ನು ಮುಂದೆ ವಿದ್ಯುಚ್ಚಾಲಿತ ಯಂತ್ರಗಳು ಪಡೆದವು. ತೀವ್ರ ನಿಗಾ ಘಟಕಗಳು ಹುಟ್ಟಿದವು.

ಇಂದಿನ ವೆಂಟಿಲೇಟರೂ ಗಾಳಿಯನ್ನು ಹೀಗೆಯೇ ಒಳಕ್ಕೆ ತಳ್ಳುತ್ತದೆ. ಆರೋಗ್ಯವಂತನ ಶ್ವಾಸಕೋಶ ಮತ್ತು ಎದೆಗೂಡು 1 ಸೆಂಟಿಮೀಟರು ನೀರಿನ ಒತ್ತಡಕ್ಕೆ ಸುಮಾರು 100 ಮಿಲಿಲೀಟರಿನಷ್ಟು ಹಿಗ್ಗುತ್ತವೆ. 500 ಮಿಲಿಲೀಟರಿಗೆ 5 ಸೆಂಟಿಮೀಟರು ಸಾಕು. ರೋಗದಿಂದ ಬಿರುಸಾದ ಶ್ವಾಸಕೋಶ 25 ಮಿಲಿಲೀಟರು ಮಾತ್ರ ಹಿಗ್ಗುವುದಾದರೆ ಅಷ್ಟೇ ಗಾಳಿಗೆ 20 ಸೆಂಟಿಮೀಟರು ಬೇಕು. ಒತ್ತಡ ಏರಿದಷ್ಟೂ ಒತ್ತಡವೇ ಶ್ವಾಸಕೋಶಕ್ಕೆ ಗಾಯಮಾಡುವ ಭಯವುಂಟು. ಇದಲ್ಲದೆ ಬಾಯಿಯ ಮೂಲಕ ಇಳಿಸಿದ ಕೊಳವೆ ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ರೋಗಿ ಮಾತನಾಡಲಾರನು. ಕೊಳವೆಯನ್ನು ಸಹಿಸಲು ಅನೇಕ ವೇಳೆ ಮಂಪರಿನ ಮದ್ದು ಬೇಕಾಗುತ್ತದೆ. ಆದುದರಿಂದ ಯಂತ್ರವು ರೋಗವನ್ನು ಗುಣಪಡಿಸುವುದಿಲ್ಲ, ಕಾಲಾವಕಾಶವನ್ನು ದೊರಕಿಸಿಕೊಡುತ್ತದೆ ಎಂದು ತಿಳಿಯಬೇಕು. ಆ ಅವಧಿಯಲ್ಲಿ ದೇಹ ಚೇತರಿಸಿಕೊಂಡರೆ ಅದು ಹೊಳೆ ದಾಟಿಸುವ ಸೇತುವೆ. ಆಚೆಯ ದಡವೇ ಇಲ್ಲದಿದ್ದರೆ?

ಮರಣವನ್ನು ಗುರುತಿಸುವುದು ಹೇಗೆ?

ಹಿಂದೆ ಉಸಿರು ನಿಂತಿತು, ನಾಡಿ ನಿಂತಿತು ಎಂದರೆ ಮರಣವೆಂದೇ ಅರ್ಥ. ಯಂತ್ರ ಬಂದ ಮೇಲೆ ಈ ಲಕ್ಷಣ ಸಾಲದಾಯಿತು. 1959ರಲ್ಲಿ ಪ್ಯಾರಿಸ್ಸಿನ ಮೊಲಾರೆ ಮತ್ತು ಗೂಲೋಂ ಎಂಬ ವೈದ್ಯರು, ಮಿದುಳಿನ ಎಲ್ಲ ವ್ಯಾಪಾರಗಳೂ ಅಡಗಿದ್ದು ಯಂತ್ರದ ಬಲದಿಂದ ಮಾತ್ರ ಹೃದಯ ಮಿಡಿಯುತ್ತಿರುವ ಸ್ಥಿತಿಯನ್ನು ವರ್ಣಿಸಿದರು. 1968ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಮಿತಿಯೊಂದು ಈ ಸ್ಥಿತಿಯನ್ನು ಮರಣವೆಂದು ಪರಿಗಣಿಸುವ ಲಕ್ಷಣಗಳನ್ನು ಮುಂದಿಟ್ಟಿತು. ನಮ್ಮ ದೇಶದಲ್ಲಿ ಅಂಗಾಂಗ ಕಸಿಯನ್ನು ಕುರಿತ 1994ರ ಕಾಯಿದೆಯು ಮಿದುಳುಕಾಂಡದ ಮರಣವನ್ನು ಅಂಗೀಕರಿಸಿದೆ. ಅದನ್ನು ನಿಶ್ಚಯಿಸುವ ಪರೀಕ್ಷೆಗಳಲ್ಲೊಂದು ಭೌತವಿಜ್ಞಾನದ ವಿದ್ಯಾರ್ಥಿಗೆ ಸುಲಭವಾಗಿ ಅರ್ಥವಾಗುವಂಥದು. ರೋಗಿಗೆ ಆಮ್ಲಜನಕವನ್ನು ಒದಗಿಸುತ್ತಲೇ ಯಂತ್ರದ ತಳ್ಳುವಿಕೆಯನ್ನು ಕೆಲವು ನಿಮಿಷ ನಿಲ್ಲಿಸುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ ಏರುತ್ತದೆ. 60 ಮಿಲಿಮೀಟರು ಪಾದರಸದಷ್ಟಕ್ಕೆ ಏರಿದರೂ ಎದೆ ಒಮ್ಮೆಯೂ ಅಲುಗದಿದ್ದರೆ, ಆಜ್ಞೆ ಕೊಡುವ ಕೇಂದ್ರ ಸತ್ತಿದೆಯೆಂಬುದಕ್ಕೆ ಅದೊಂದು ಪ್ರಮುಖ ಸಾಕ್ಷ್ಯ. ಉಳಿದ ಪರೀಕ್ಷೆಗಳೂ ಇದನ್ನೇ ಹೇಳಿದರೆ, ಅಂಥವನ ಯಂತ್ರವನ್ನು ನಿಲ್ಲಿಸುವುದು ದಯಾಮರಣವೇ ಅಲ್ಲ. ಏಕೆಂದರೆ ಮರಣ ಆಗಲೇ ಸಂಭವಿಸಿದೆ.

ಕಷ್ಟವಾದ ಪ್ರಶ್ನೆ ಇರುವುದು ಮರಣ ಇನ್ನೂ ಸಂಭವಿಸದವರ ವಿಷಯದಲ್ಲಿ.

ಎರಡು ದೃಷ್ಟಾಂತಗಳು

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕ್ಯಾರೆನ್ ಆ್ಯನ್ ಕ್ವಿನ್‌ಲನ್ ಎಂಬ 21 ವರ್ಷದ ತರುಣಿ 1975ರಲ್ಲಿ ಪ್ರಜ್ಞೆ ತಪ್ಪಿ ಮತ್ತೆ ಎಚ್ಚರಗೊಳ್ಳಲಿಲ್ಲ. ಯಂತ್ರವನ್ನು ತೆಗೆಯಬೇಕೆಂಬ ತಂದೆತಾಯಿಗಳ ಕೋರಿಕೆಯನ್ನು ವೈದ್ಯರು ಒಪ್ಪದಿರಲು ವ್ಯಾಜ್ಯ ಆ ರಾಜ್ಯದ ಉಚ್ಚತಮ ನ್ಯಾಯಾಲಯದವರೆಗೆ ಹೋಗಿ, 1976ರ ಮಾರ್ಚಿಯಲ್ಲಿ ತೀರ್ಪು ಅವರ ಪರವಾಗಿ ಬಂದಿತು. ಯಂತ್ರವನ್ನು ತೆಗೆದರು, ಆದರೆ ಕ್ಯಾರೆನ್ ತಾನಾಗಿಯೇ ಉಸಿರಾಡತೊಡಗಿದಳು! ಆಕೆಯ ಮಿದುಳುಕಾಂಡ ಜೀವಂತವಾಗಿತ್ತು. ಕೊಳವೆಯ ಮೂಲಕ ಕೊಡುತ್ತಿದ್ದ ಆಹಾರವನ್ನು ನಿಲ್ಲಿಸಲು ತಂದೆತಾಯಿಗಳು ಕೇಳಲಿಲ್ಲ. 1985ರಲ್ಲಿ ನ್ಯುಮೋನಿಯದಿಂದ ಆಕೆ ತೀರಿಕೊಂಡಳು.

ಎರಡನೆಯ ದೃಷ್ಟಾಂತ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರದು. 1973ರ ನವೆಂಬರಿನಲ್ಲಿ ಆಸ್ಪತ್ರೆಯ ಕೆಲಸಗಾರನೊಬ್ಬನ ಕ್ರೂರವಾದ ಹಲ್ಲೆಗೆ ಸಿಕ್ಕಿ, ಕುತ್ತಿಗೆ ಬಿಗಿಯಲ್ಪಟ್ಟು, ಮಿದುಳಿಗೆ ಆಮ್ಲಜನಕ ತಪ್ಪಿ, ಅವರು ಎಂದೆಂದಿಗೂ ಚೇತರಿಸಿಕೊಳ್ಳದ ಸ್ಥಿತಿಗೆ ಬಂದರು. ಅವರಿಗೆ ಉಸಿರಾಟದ ಯಂತ್ರ ಬೇಕಾಗಿರಲಿಲ್ಲ. ಬೇಕಾದುದು ಆಹಾರ ಮತ್ತು ಆರೈಕೆ. ಅದನ್ನು ಆ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ನಾಲ್ಕು ದಶಕಗಳಿಗೂ ಮೀರಿ ನಡೆಸಿಕೊಂಡು ಬಂದರು. ಪತ್ರಕರ್ತೆ ಪಿಂಕಿ ವಿರಾನಿಯವರು ಅರುಣಾ ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದಾಗ ಆಸ್ಪತ್ರೆಯವರು ಬಲವಾಗಿ ವಿರೋಧಿಸಿದರು. 2011ರ ಮಾರ್ಚಿ 7ರಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಆದರೆ ತಕ್ಕ ನಿರ್ಬಂಧಗಳೊಡನೆ ನಿಷ್ಕ್ರಿಯ ದಯಾಮರಣಕ್ಕೆ ಅವಕಾಶ ಉಂಟೆಂದು ಮೊದಲ ಬಾರಿಗೆ ಸಾರಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯದಿಂದಲೇ ತೀರಿಕೊಂಡರು.

ಅರ್ಜಿದಾರರ ಮನಸ್ಸಿನಲ್ಲಿದ್ದುದೂ ಕರುಣೆ, ದಾದಿಯರ ಮನಸ್ಸಿನಲ್ಲಿದ್ದುದೂ ಕರುಣೆ. ಒಂದೇ ಭಾವದಿಂದ ಹೊರಟವರು ಎದುರುಬದುರಾಗಿ ನಿಂತರೆಂಬುದನ್ನು ನೆನೆದರೆ ಈ ವಿಷಯ ಎಷ್ಟು ಸೂಕ್ಷ್ಮವಾದುದೆಂದು ಗೊತ್ತಾಗುತ್ತದೆ.

ಗುಂಡಿಯನ್ನು ಒತ್ತುವ ಕೈ

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಹಿಂದಿರುಗೋಣ. ಎರಡು ಸನ್ನಿವೇಶಗಳನ್ನು ಕಲ್ಪಿಸಿಕೊಳ್ಳಿರಿ. ಪೋಲಿಯೋ ಬಡಿದು ಸ್ನಾಯುಗಳು ಮಾತ್ರ ಸೋತಿರುವ, ಬುದ್ಧಿ ಚುರುಕಾಗಿರುವ, ಬದುಕಲು ಬಯಸುವ ಬಾಲಕನೊಬ್ಬನು ಯಂತ್ರದ ಸಹಾಯದಿಂದ ಉಸಿರಾಡುತ್ತಿದ್ದಾನೆ. ಆಸ್ತಿಯ ಆಸೆಯಿಂದ ಬಂಧುವೊಬ್ಬನು ಯಂತ್ರದ ಗುಂಡಿಯನ್ನು ಒತ್ತಿ ನಿಲ್ಲಿಸುತ್ತಾನೆ. ಪಕ್ಕದ ಕೊಠಡಿಯಲ್ಲಿ ಅಂಗಾಂಗಗಳು ಒಂದೊಂದಾಗಿ ಸೋತ ವೃದ್ಧೆಯೊಬ್ಬರಿದ್ದಾರೆ, ಚೇತರಿಕೆಯ ಭರವಸೆಯಿಲ್ಲ, ಯಂತ್ರಗಳ ನಡುವೆ ಸಾಯಲೊಲ್ಲೆನೆಂದು ಅವರೇ ಹಿಂದೆ ಹೇಳಿದ್ದಾರೆ. ವೈದ್ಯನು ಅದೇ ಬಗೆಯ ಗುಂಡಿಯನ್ನು ಒತ್ತುತ್ತಾನೆ. ಭೌತವಿಜ್ಞಾನದ ದೃಷ್ಟಿಯಿಂದ ಎರಡೂ ಒಂದೇ: ಬೆರಳಿನ ಚಲನೆ ಒಂದೇ, ಕೊಳವೆಯಲ್ಲಿ ಒತ್ತಡ ಇಳಿಯುವ ರೀತಿ ಒಂದೇ. ಆದರೆ ಮೊದಲನೆಯದು ಕೊಲೆಯೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಎರಡನೆಯದನ್ನು ಹಾಗೆನ್ನಲು ಮನಸ್ಸು ಒಡಂಬಡುವುದಿಲ್ಲ.

ಇದರಿಂದ ತಿಳಿಯುವುದೇನು? ಧರ್ಮಾಧರ್ಮವು ಗುಂಡಿಯಲ್ಲಿಲ್ಲ, ಬೆರಳಿನಲ್ಲಿಯೂ ಇಲ್ಲ. ರೋಗಿಯ ಇಚ್ಛೆಯೇನು, ಚೇತರಿಕೆಯ ಸಂಭವವೆಷ್ಟು, ನಿಲ್ಲಿಸುವವನ ಉದ್ದೇಶವೇನು ಎಂಬ ಮೂರು ಪ್ರಶ್ನೆಗಳಲ್ಲಿ ಅದಿದೆ. ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ವೃದ್ಧೆಯ ಮರಣಕ್ಕೆ ಮೂಲಕಾರಣ ರೋಗ; ಯಂತ್ರ ನಿಂತದ್ದು ಆ ಕಾರಣಕ್ಕೆ ಒಡ್ಡಿದ್ದ ತಡೆ ಸರಿದದ್ದು ಮಾತ್ರ.

ಯಂತ್ರವನ್ನು ಹಾಕದೆ ಇರಬಹುದು, ಹಾಕಿದ ಮೇಲೆ ತೆಗೆಯಬಾರದು ಎಂದು ವಾದಿಸುವವರುಂಟು. ತೆಗೆಯುವ ಕೈಗೆ ನಡುಕ ಹೆಚ್ಚೆಂಬುದು ನಿಜ. ಆದರೆ ತೆಗೆಯುವುದೇ ಪಾಪವಾದರೆ, ಸಂದೇಹವಿರುವ ರೋಗಿಗೆ ಯಂತ್ರವನ್ನು ಹಾಕಿ ನೋಡಲು ವೈದ್ಯನು ಹಿಂಜರಿದಾನು. ಹಾಗೆ ಹಾಕಿದ್ದರೆ ಬದುಕುತ್ತಿದ್ದವನೂ ಸತ್ತಾನು. ಆದುದರಿಂದ ಯಂತ್ರವನ್ನು ಒಂದು ಪ್ರಯೋಗವೆಂದು ತಿಳಿದು, ಇಷ್ಟು ದಿನ ನೋಡೋಣ, ಫಲಿಸದಿದ್ದರೆ ನಿಲ್ಲಿಸೋಣ ಎಂದು ಮೊದಲೇ ಮಾತಾಡಿಕೊಳ್ಳುವುದು ಹೆಚ್ಚು ಪ್ರಾಮಾಣಿಕವಾದ ಮಾರ್ಗ. ಅರಿವಳಿಕೆ ತಜ್ಞರು 1957ರಲ್ಲಿ ಪೋಪ್ 12ನೆಯ ಪಯಸ್ ಅವರ ಮುಂದೆ ಈ ಸಂದೇಹವನ್ನಿಟ್ಟಾಗ, ಅಸಾಧಾರಣವಾದ ಉಪಾಯಗಳನ್ನು ಬಳಸಲೇಬೇಕೆಂಬ ಕಟ್ಟುಪಾಡಿಲ್ಲವೆಂದು ಅವರು ಉತ್ತರಿಸಿದ್ದರು.

ಔಷಧವನ್ನು ಚುಚ್ಚಿ ಮರಣವನ್ನು ತರುವ ಸಕ್ರಿಯ ದಯಾಮರಣದ ಮಾತು ಬೇರೆ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಮ್ ದೇಶಗಳು 2002ರಲ್ಲಿಯೂ ಕೆನಡ 2016ರಲ್ಲಿಯೂ ನಿಯಮಗಳಿಗೆ ಒಳಪಡಿಸಿ ಇದಕ್ಕೆ ಎಡೆಗೊಟ್ಟಿವೆ. ನಮ್ಮ ದೇಶದಲ್ಲಿ ಇದು ಅಪರಾಧ. ಸಹಿಸಲಾಗದ ಸಂಕಟದಲ್ಲಿರುವವನು ತಾನೇ ಬೇಡಿದಾಗ ನಿರಾಕರಿಸುವುದು ನಿರ್ದಯೆಯಲ್ಲವೇ ಎಂಬ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಚಿಕಿತ್ಸೆಯ ವೆಚ್ಚವನ್ನು ಮನೆಮಾರು ಅಡವಿಟ್ಟು ಭರಿಸುವ ಸಂಸಾರಗಳಿರುವ ಸಮಾಜದಲ್ಲಿ, "ನಾನು ಮಕ್ಕಳಿಗೆ ಭಾರವಾದೆ" ಎಂಬ ಕೊರಗೇ ಮರಣದ ಬೇಡಿಕೆಯಾಗಿ ಹೊರಬೀಳಬಹುದು. ಇಂತಹ ಬೇಡಿಕೆಯನ್ನು ಸ್ವತಂತ್ರವಾದ ಇಚ್ಛೆಯೆಂದು ನಂಬುವುದು ಹೇಗೆ? ಈ ಕಾರಣದಿಂದ ಸಕ್ರಿಯ ದಯಾಮರಣದ ವಿಷಯದಲ್ಲಿ ನಮ್ಮ ಮನಸ್ಸು ಹಿಂದೆಗೆಯುತ್ತದೆ.

ಶ್ರವಣಬೆಳಗೊಳದ ಶಾಸನಗಳಲ್ಲಿ ಕಾಣುವ ಸಲ್ಲೇಖನ ವ್ರತವನ್ನು ವಾಚಕರು ಇಲ್ಲಿ ನೆನೆಯಬಹುದು. ಅದು ಸಾಧಕನು ತನ್ನ ಅಂತ್ಯವನ್ನು ಅರಿತು ತಾನೇ ಕೈಗೊಳ್ಳುವ ವ್ರತ. ವೈದ್ಯನಾಗಲಿ ಬಂಧುವಾಗಲಿ ಮತ್ತೊಬ್ಬನಿಗಾಗಿ ನಿರ್ಣಯಿಸುವ ಸಂದರ್ಭಕ್ಕೆ ಅದನ್ನು ನೇರವಾಗಿ ಅನ್ವಯಿಸುವುದು ಸರಿಯಾಗದು.

ನಮ್ಮ ದೇಶದ ನಿಯಮ

ಜೀವಿಸುವ ಹಕ್ಕಿನಲ್ಲಿ ಸಾಯುವ ಹಕ್ಕು ಅಡಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತ್ತು. 2018ರ ಮಾರ್ಚಿ 9ರಂದು ಐವರು ನ್ಯಾಯಮೂರ್ತಿಗಳ ಪೀಠವು, ಘನತೆಯಿಂದ ಸಾಯುವುದು ಘನತೆಯಿಂದ ಬಾಳುವ ಹಕ್ಕಿನ ಭಾಗವೇ ಎಂದು ಸಾರಿ, ಮುಂಗಡ ವೈದ್ಯಕೀಯ ನಿರ್ದೇಶವನ್ನು, ಎಂದರೆ ಜೀವಿತದ ಉಯಿಲನ್ನು, ಮಾನ್ಯಮಾಡಿತು. ಕ್ರಮವು ಬಹಳ ತೊಡಕಿನದಾಗಿದ್ದುದರಿಂದ 2023ರ ಜನವರಿ 24ರಂದು ಅದನ್ನು ಸರಳಗೊಳಿಸಲಾಯಿತು. ಅದರಂತೆ ಪ್ರಾಪ್ತವಯಸ್ಕನಾದ, ಸ್ವಸ್ಥಚಿತ್ತನಾದ ಯಾವನೇ ಆಗಲಿ ಇಬ್ಬರು ಸಾಕ್ಷಿಗಳ ಮುಂದೆ ಈ ಪತ್ರವನ್ನು ಬರೆದು, ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಸಮಯ ಬಂದಾಗ ಚಿಕಿತ್ಸಕ ವೈದ್ಯನೂ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಲಿ ರೋಗಿಯನ್ನು ಪರೀಕ್ಷಿಸುತ್ತದೆ. ಅದರ ಅಭಿಪ್ರಾಯವನ್ನು ಮತ್ತೊಂದು ಮಂಡಲಿ ಪರಿಶೀಲಿಸುತ್ತದೆ. ಎರಡೂ ಒಪ್ಪಿ, ರೋಗಿ ಹೆಸರಿಸಿದವರ ಅಥವಾ ಮನೆಯವರ ಸಮ್ಮತಿಯಿದ್ದು, ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ಮೇಲೆ ಮಾತ್ರ ಚಿಕಿತ್ಸೆಯನ್ನು ನಿಲ್ಲಿಸತಕ್ಕದ್ದು. ಪತ್ರ ಬರೆಯದಿದ್ದವರ ವಿಷಯದಲ್ಲಿಯೂ ಎರಡು ಮಂಡಲಿಗಳ ಪರಿಶೀಲನೆ ಉಂಟು. ಈ ವ್ಯವಸ್ಥೆಯನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಹಣ ಮುಗಿಯಿತೆಂದು ರೋಗಿಯನ್ನು ಮನೆಗೆ ಕೊಂಡೊಯ್ಯುವುದೂ ಈ ಕ್ರಮವೂ ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ಒಂದರಲ್ಲಿ ನಿರ್ಣಯಿಸುವುದು ಬಡತನ. ಇನ್ನೊಂದರಲ್ಲಿ ನಿರ್ಣಯಿಸಬೇಕಾದುದು ರೋಗಿಯ ಇಚ್ಛೆಯೂ ವೈದ್ಯವಿಜ್ಞಾನವೂ.

ಚಿಕಿತ್ಸೆ ನಿಂತರೂ ಆರೈಕೆ ನಿಲ್ಲದು

ಯಂತ್ರವನ್ನು ತೆಗೆದ ಮೇಲೆ ವೈದ್ಯನ ಕೆಲಸ ಮುಗಿಯಿತೆಂದು ತಿಳಿಯುವುದು ದೊಡ್ಡ ತಪ್ಪು. ಲಂಡನ್ನಿನಲ್ಲಿ ಮೊದಲು ದಾದಿಯಾಗಿ ಅನಂತರ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಸಂತ ಕ್ರಿಸ್ಟೋಫರ್ ಆಶ್ರಯಧಾಮವನ್ನು ಸ್ಥಾಪಿಸಿ, ಮರಣದ ಅಂಚಿನಲ್ಲಿರುವವರ ನೋವನ್ನು ಶಮನಗೊಳಿಸುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದರು. ನೋವು ಬಂದ ಮೇಲೆ ಮಾರ್ಫಿನ್ ಕೊಡುವುದಕ್ಕೆ ಬದಲು ನೋವು ಬರುವ ಮೊದಲೇ ನಿಯತಕಾಲದಲ್ಲಿ ಕೊಡಬೇಕೆಂಬುದು ಅವರ ಮುಖ್ಯ ಬೋಧನೆ. ಇದರ ಯುಕ್ತತೆಯನ್ನು ವಿಕಿರಣಶೀಲತೆಯ ಪಾಠ ಓದಿದವರು ಸುಲಭವಾಗಿ ಗ್ರಹಿಸಬಲ್ಲರು. ರಕ್ತದಲ್ಲಿ ಮಾರ್ಫಿನ್ನಿನ ಅರ್ಧಾಯು ಸುಮಾರು 3 ಗಂಟೆಯೆಂದಿಟ್ಟುಕೊಂಡರೆ, 4 ಗಂಟೆಯ ತರುವಾಯ ನೂರರಲ್ಲಿ 40 ಪಾಲು ಉಳಿದಿರುತ್ತದೆ. ಆಗಲೇ ಮತ್ತೊಂದು ಮೊತ್ತವನ್ನು ಕೊಟ್ಟರೆ ಮಟ್ಟ ನೋವಿನ ಗೆರೆಗಿಂತ ಕೆಳಗಿಳಿಯದು. ತಡಮಾಡಿದರೆ ರೋಗಿ ಪ್ರತಿ ಸಲವೂ ನೋವಿನ ಕಣಿವೆಗೆ ಇಳಿದೇ ಮೇಲೇರಬೇಕು. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಆಯುಸ್ಸನ್ನು ಕುಗ್ಗಿಸುತ್ತದೆಂಬ ಭಯವನ್ನು ವೈದ್ಯರ ಅನುಭವ ಸಮರ್ಥಿಸುವುದಿಲ್ಲ.

ನಮ್ಮಲ್ಲಿ 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ಇಂತಹ ಕೆಲಸವನ್ನು ಆರಂಭಿಸಿದರು. ಬೆಂಗಳೂರಿನ ಕರುಣಾಶ್ರಯವು ಕೈಮೀರಿದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆಶ್ರಯ ಕೊಡುತ್ತದೆ. ಮಾದಕವಸ್ತುಗಳನ್ನು ಕುರಿತ 1985ರ ಕಾಯಿದೆಯಿಂದ ಮಾರ್ಫಿನ್ ದೊರೆಯುವುದು ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಆ ತೊಡಕನ್ನು ಸಡಿಲಿಸಿತು. ನೋವಿನಿಂದ ಬಿಡುಗಡೆ ದೊರೆತಾಗ, ಸಾವನ್ನು ಬೇಡುತ್ತಿದ್ದವರಲ್ಲಿ ಕೆಲವರು ಆ ಬೇಡಿಕೆಯನ್ನೇ ಬಿಡುತ್ತಾರೆಂದು ಈ ಕ್ಷೇತ್ರದ ವೈದ್ಯರು ಹೇಳುತ್ತಾರೆ. ಎಲ್ಲರೂ ಬಿಡುವರೆಂದಲ್ಲ, ಆದರೂ ನೋವನ್ನು ಶಮನಗೊಳಿಸಲು ಯತ್ನಿಸದೆ ದಯಾಮರಣವನ್ನು ಚರ್ಚಿಸುವುದು ಕ್ರಮ ತಪ್ಪಿದ ವಿಚಾರ.

ಉಪಸಂಹಾರ

ವಿಜ್ಞಾನವು ಒತ್ತಡವನ್ನು ಅಳೆಯಬಲ್ಲದು, ಚೇತರಿಕೆಯ ಸಂಭವವನ್ನು ಅಂದಾಜು ಮಾಡಬಲ್ಲದು, ಮಿದುಳುಕಾಂಡ ಸತ್ತಿದೆಯೇ ಎಂದು ಪರೀಕ್ಷಿಸಬಲ್ಲದು. ಆದರೆ ಯಾವ ಸಮೀಕರಣದಿಂದಲೂ ಕರ್ತವ್ಯವು ಹೊರಬರುವುದಿಲ್ಲ. ಅದನ್ನು ಮನುಷ್ಯರು ಕುಳಿತು, ಮಾತಾಡಿ, ಯೋಚಿಸಿ ನಿಶ್ಚಯಿಸಬೇಕು. ಹಾಗೆಂದು ವಿಜ್ಞಾನ ನಿರರ್ಥಕವೆಂದಲ್ಲ. ರೋಗಿಯ ಸ್ಥಿತಿಯನ್ನು ತಿಳಿಯದೆ ಮಾಡಿದ ಕರುಣೆಯೂ ಕುರುಡಾದೀತು.

ಕೆಲವು ದಿನಗಳ ನಂತರ ಆ ವಿದ್ಯಾರ್ಥಿಯನ್ನು ಕರೆದು ಇಲ್ಲಿ ಬರೆದುದನ್ನೇ ಸಂಕ್ಷೇಪವಾಗಿ ಹೇಳಿದೆವು. ಅಜ್ಜಿಯ ಪ್ರಾಣವನ್ನು ಒಯ್ದದ್ದು ರೋಗ. ಹದಿನೇಳು ದಿನ ಯಂತ್ರಕ್ಕೆ ಅವಕಾಶ ಕೊಟ್ಟು, ಅನಂತರ ಅದನ್ನು ಬಿಡಿಸಿದ ಮಗನು ಕೊಂದವನಲ್ಲ ಎಂಬುದು ನಮ್ಮ ಅಭಿಪ್ರಾಯ. ಅವನು ಸುಮ್ಮನೆ ಕೇಳಿ, "ಅಜ್ಜಿಗೆ ಏನು ಇಷ್ಟವಿತ್ತೆಂದು ನಾವು ಯಾರೂ ಮೊದಲು ಕೇಳಿರಲಿಲ್ಲ ಸಾರ್. ಅದೇ ತಂದೆಯವರನ್ನು ಕಾಡುತ್ತಿದೆ" ಎಂದನು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆದುದರಿಂದ ತರುಣ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಯಲ್ಲಿ ಹಿರಿಯರು ಆರೋಗ್ಯವಾಗಿ, ನಗುನಗುತ್ತ ಇರುವಾಗಲೇ, ಸಮಯ ನೋಡಿ, ಅವರ ಇಷ್ಟವೇನೆಂದು ಕೇಳಿಕೊಳ್ಳಿರಿ. ಅಮಂಗಳವೆಂದು ಯಾರಾದರೂ ಗದರಿಸಿದರೆ ಗದರಿಸಲಿ. ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿರಿ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು ಊಹಿಸುವುದಕ್ಕಿಂತ ಮನೆಯ ಜಗುಲಿಯಲ್ಲಿ ಕುಳಿತು ಕೇಳುವುದು ಎಲ್ಲರಿಗೂ ಸುಲಭ.